ಸೈಜಿಗೆ ಕೂರದ ಅವ್ವ

ನೀಲಾಂಬಿಕಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಹಾನಗಲ್ಲಿನ ಬಸ್ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ನಂಬಿಕೆಯಿಲ್ಲದವರು ಆಕೆ ಕಂಡಕ್ಟರ್ ಆಗಿರುವ ಬಸ್ಸು ಹತ್ತಿ, ಒಳಗೆ ಜಾಗವಿದ್ದರೂ ಬಾಗಿಲ ಮೆಟ್ಟಿಲ ಮೇಲೆ ನಿಂತು ನೋಡಬಹುದು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಅವರ ಮನೆತನದ ಮರ್ಯಾದೆ ಹಿಂದಿನ ಸೀಟಿನವರೆಗೂ ಹಂಚಿಹೋಗಿರುತ್ತದೆ. ಗಂಡ ಫಕ್ಕೀರೇಶ ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ಗಾಳಿ ಬಿಸಿಯಾಯಿತು ಎಂದರೆ ಅವನು ಮೆಲ್ಲಗೆ ಚೀಲ ಹಿಡಿದು ಅಕ್ಕಿಆಲೂರಿನ ಸಂತೆಯ ಕಡೆ ಹೊರಡುತ್ತಾನೆ, ಸಂತೆ ಇಲ್ಲದ ದಿನವೂ.

ತವರಿನವರು ಮಾತ್ರ ಇದನ್ನು ಇಷ್ಟು ಹಗುರವಾಗಿ ತೆಗೆದುಕೊಂಡವರಲ್ಲ. ಇಂಥ ಕೆಂಡದಂಥ ಹೆಣ್ಣು ಭರಮವ್ವನ ಹೊಟ್ಟೆಯಲ್ಲಿ ಹೇಗೆ ಹುಟ್ಟಿತು ಎನ್ನುವುದು ಅವರಿಗೆ ಬಿಡಿಸಲಾಗದ ಒಗಟು. ಭರಮವ್ವ ಗಂಡ ಸತ್ತಾಗಲೂ ದನಿಯೆತ್ತಿ ಅಳಲಿಲ್ಲವಂತೆ. ನಕ್ಕರೆ ಸೆರಗು ಬಾಯಿಗೆ, ಅತ್ತರೆ ಸೆರಗು ಕಣ್ಣಿಗೆ. ಗೋಡೆಯಾಚೆಯ ಮನೆಯ ಮುದಕವ್ವನಂತೂ ನೀಲಾಂಬಿಕಾ ತವರಿಗೆ ಕಾಲಿಟ್ಟಾಗಲೆಲ್ಲ ನೀರು ಕೊಡುವ ಮುಂಚೆ ಈ ಮಾತು ಕೊಡುತ್ತಿದ್ದಳು: "ನಿಮ್ಮವ್ವನ ತಾಳ್ಮ್ಯಾಗ ನಿನಗ ಸಾಸಿವಿ ಕಾಳಷ್ಟೂ ಬರಲಿಲ್ಲ ನೋಡು." ಅದನ್ನು ಕೇಳಿ ನೀಲಾಂಬಿಕಾಳಿಗೆ ಇದ್ದ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಆ ಭರಮವ್ವ ಹೋದ ಆಷಾಢದಲ್ಲಿ ತೀರಿಕೊಂಡಳು, ಅದೂ ಮಗಳ ಮನೆಯಲ್ಲಿ. ಊರಿನವರಿಗೆ ಅಗಿಯುವುದಕ್ಕೆ ಕಬ್ಬು ಸಿಕ್ಕಂತಾಯಿತು. ಮಗ ಹುಲಗೇಶ ಬಂಕಾಪುರದ ಹತ್ತಿರದ ತವರೂರಲ್ಲಿ ಹೊಲ, ಮನೆ, ದನಕರು ಎಲ್ಲ ಇಟ್ಟುಕೊಂಡು ಗಟ್ಟಿಯಾಗಿರುವಾಗ ಹೆತ್ತವ್ವ ಅಳಿಯನ ಮನೆಯಲ್ಲಿ ಪ್ರಾಣ ಬಿಡುವುದೆಂದರೇನು? ಅದರ ಹಿಂದಿನ ಮಾತಿಷ್ಟೆ. ದೀಪಾವಳಿ ಕಳೆದ ಹೊಸದರಲ್ಲಿ ಒಂದು ಬೆಳಗ್ಗೆ ಅವ್ವ ಸೀರೆಯ ಗಂಟು ಹಿಡಿದುಕೊಂಡು ಅಕ್ಕಿಆಲೂರಿನ ಮಗಳ ಮನೆ ಬಾಗಿಲಿಗೆ ಬಂದು ನಿಂತಿದ್ದಳು. ಯಾಕೆ ಬಂದಿ ಎಂದು ಕೇಳಿದರೆ "ಹಂಗ ಬಂದೇನಿ" ಎಂದಳು. ಕೊನೆಯವರೆಗೂ ಕಾರಣ ಹೇಳಲಿಲ್ಲ, ತಿರುಗಿ ಹೋಗುವ ಮಾತೂ ಎತ್ತಲಿಲ್ಲ. ಮಗಳೇ ಎಳೆದುಕೊಂಡು ಹೋದಳು, ಮಗಳ ಬಾಯಿಗೆ ಹೆದರಿ ಮುದುಕಿ ಗಂಟು ಕಟ್ಟಿತು ಎಂದು ತವರೂರು ತೀರ್ಪು ಕೊಟ್ಟಿತು. ಹುಲಗೇಶ ಅದನ್ನು ಅಲ್ಲಗಳೆಯಲಿಲ್ಲ. ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ ಎಂದುಕೊಂಡು ನೀಲಾಂಬಿಕಾ ಹಲ್ಲು ಕಚ್ಚಿದಳು.

ಈಗ ವರ್ಷದ ದಿನ ಹತ್ತಿರ ಬಂದಿತ್ತು. ಅಂದು ಹೋದವರ ಫೋಟೋಕ್ಕೆ ಮಾಲೆ ಹಾಕಿ ಮಗನ ಮನೆಯ ಗೋಡೆಗೆ ಏರಿಸುವುದು ಅವರ ಮನೆತನದ ಪದ್ಧತಿ. ಏರಿಸುವುದಕ್ಕೆ ಫೋಟೋ ಬೇಕಲ್ಲ. ಭರಮವ್ವ ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುವ ಹೆಂಗಸು. ಆಧಾರ್ ಕಾರ್ಡಿನ ಮೇಲೆ ಒಂದು ಮುಖ ಇತ್ತು. ಅದರಲ್ಲಿ ಆಕೆ ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಣ್ಣು ಅಗಲಿಸಿಕೊಂಡಿದ್ದಳು. ಅದನ್ನು ಗೋಡೆಗೆ ಹಾಕುವುದಕ್ಕಿಂತ ಬರಿಗೋಡೆಯೇ ಮೇಲು ಎಂದು ನೀಲಾಂಬಿಕಾ ತೀರ್ಮಾನಿಸಿದ್ದಳು.

ಇನ್ನೊಂದು ಫೋಟೋ ಇತ್ತು, ಹೋರಿಯ ಜೊತೆಗಿನದು. ದೀಪಾವಳಿ ಮುಗಿದರೆ ಆ ಸೀಮೆಯಲ್ಲಿ ಹೋರಿ ಹಬ್ಬದ ಹುಚ್ಚು. ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಯಾರ ಕೈಗೂ ಸರ ಸಿಗದಂತೆ ಓಡಿ ದಾಟಿದರೆ ಹೋರಿ ಗೆದ್ದಂತೆ, ಸರ ಹರಿದರೆ ಸೋತಂತೆ. ಹುಲಗೇಶನ ಹೋರಿಗೆ ಕೆರಿದಂಡಿ ಸರದಾರ ಎಂದು ಹೆಸರು, ಹೆಸರಿಗೊಂದು ಬ್ಯಾನರು, ಬ್ಯಾನರಿನ ಕೆಳಗೆ ಅಭಿಮಾನಿ ಬಳಗ. ಭರಮವ್ವನಿಗೆ ಮಾತ್ರ ಅದು ಬಸ್ಯಾ. ತಾಯಿ ಸತ್ತ ಕರುವಿಗೆ ಹಾಲಲ್ಲಿ ಬೆರಳು ಅದ್ದಿ ಚೀಪಿಸಿ ಬೆಳೆಸಿದವಳು ಆಕೆ. ಅವ್ವ ಅಕ್ಕಿಆಲೂರಿಗೆ ಬರುವ ಹಿಂದಿನ ದಿನ ಹೋರಿ ಗೆದ್ದಿತ್ತು, ಗೆದ್ದ ಅಮಲಿನಲ್ಲಿ ಹುಲಗೇಶ ಒಂದು ಫೋಟೋ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದ್ದ. ನೀಲಾಂಬಿಕಾ ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, ಗಾಜು ಒಡೆದ ತನ್ನ ಫೋನಿನಲ್ಲಿ ಅದನ್ನು ನೋಡಿದ್ದಳು. ನಡುವೆ ಹೋರಿ, ಅದರ ಕೊರಳಿನ ಆಚೆ ಕೈಯಲ್ಲೊಂದು ಕೋಲು ಹಿಡಿದ ತಮ್ಮ, ಮೂತಿಯ ಮುಂದೆ ಮೂಗುದಾರ ಹಿಡಿದ ಅವ್ವ. ಅವ್ವನ ಮುಖ ಕಿರುಬೆರಳ ಉಗುರಿಗಿಂತ ಸಣ್ಣದು. ಆದರೆ ಆಕೆ ನಗುತ್ತಿದ್ದಳು. ಸೆರಗು ಅಡ್ಡ ಇಲ್ಲದೆ, ಹಲ್ಲು ಕಾಣುವ ಹಾಗೆ. ಹುಟ್ಟಿದಾಗಿನಿಂದ ಮಗಳು ನೋಡದ ನಗು ಅದು. ಸ್ಟೇಟಸ್ಸಿನದು ಒಂದು ದಿನದ ಬಾಳು, ಮರುದಿನ ಹುಡುಕಿದರೆ ಇರಲಿಲ್ಲ.

ಅದೇ ಫೋಟೋ ಕಳಿಸು ಎಂದು ತಮ್ಮನಿಗೆ ಫೋನು ಮಾಡಿದಳು. ಅವನು ಹೂಂ ಅಂದ. ಮತ್ತೆ ಮಾಡಿದಳು, ಮತ್ತೆ ಹೂಂ. ಕೊನೆಗೊಂದು ಮಧ್ಯಾಹ್ನ ಕಳಿಸಿದ. ಹೋರಿ ಇತ್ತು. ತಮ್ಮ ಇದ್ದ. ಅವನ ಎದೆಯ ಮಟ್ಟಕ್ಕೆ ಅಡ್ಡಲಾಗಿ ಬೆಂಕಿ ಹತ್ತಿದ ಅಕ್ಷರಗಳಲ್ಲಿ ಕೆರಿದಂಡಿ ಸರದಾರ ಎಂದು ಬರೆದಿತ್ತು. ಅವ್ವ ಇರಲಿಲ್ಲ. ಎಡಗಡೆಯ ಅಂಚಿನಲ್ಲಿ ಮೂಗುದಾರ ಹಿಡಿದ ಒಂದು ಕೈ ಮಾತ್ರ, ಮಣಿಕಟ್ಟಿನ ಹಚ್ಚೆಯ ಸಮೇತ, ಕಡಿದು ಇಟ್ಟ ಹಾಗೆ ಉಳಿದಿತ್ತು. ನೀಲಾಂಬಿಕಾ ಆ ಕೈಯನ್ನು ನೋಡುತ್ತ ಕೂತಳು. ಅಂದು ಸಂಜೆ ಫಕ್ಕೀರೇಶ ಚೀಲ ಹುಡುಕುವ ಮೊದಲೇ ಆಕೆ ತವರಿನ ಬಸ್ಸು ಹತ್ತಿದ್ದಳು.

ಹುಲಗೇಶ ಹೋರಿಗೆ ಹಿಂಡಿ ಕಲಸುತ್ತ, ತಿರುಗಿ ನೋಡದೆಯೇ ವಿವರಿಸಿದ. ಇಂಟರ್‌ನೆಟ್ಟಿನಲ್ಲಿ "ಹೋರಿ ಹುರುಪು" ಎಂದು ಒಂದು ಫೋರಂ ಇದೆ, ಹೋರಿ ಸಾಕಿದವರೂ ಅಭಿಮಾನಿಗಳೂ ಸೇರಿ ಹರಟುವ ಕಟ್ಟೆ ಇದ್ದ ಹಾಗೆ. ಅಲ್ಲಿ ಫೋಟೋ ಬಂದರೆ ಮಾತ್ರ ಹೋರಿಗೆ ಹೆಸರು. ಆದರೆ ಫೋಟೋ ಇಷ್ಟೇ ಅಗಲ, ಇಷ್ಟೇ ಎತ್ತರ ಇರಬೇಕೆಂದು ಕಟ್ಟಳೆ. ದೊಡ್ಡದು ಹಾಕಿದರೆ ಪೇಜು ತೆರೆಯುವುದೇ ಇಲ್ಲ ಎಂದು ಎಲ್ಲರೂ ಬಯ್ಯುತ್ತಾರೆ. ಅದಕ್ಕೆ ಹಾಕುವ ಮುಂಚೆ ಸೈಜ್ ಮಾಡಬೇಕು. ಅವರ ಬಾಯಲ್ಲಿ ಸೈಜ್ ಮಾಡುವುದೆಂದರೆ ಕುಗ್ಗಿಸುವುದೂ ಹೌದು, ಕತ್ತರಿಸುವುದೂ ಹೌದು. ಯಾರನ್ನಾದರೂ ಹಿಡಿದು ಬಗ್ಗುಬಡಿಯುವುದಕ್ಕೂ ಆ ಕಡೆಯ ಹುಡುಗರು ಅದೇ ಮಾತು ಬಳಸುತ್ತಾರೆ.

ಹೋರಿ ಮೂತಿಯಿಂದ ಬಾಲದವರೆಗೆ ಬರಬೇಕು, ಮಾಲೀಕ ಬರಬೇಕು, ಮೂವರೂ ಚೌಕಟ್ಟಿನಲ್ಲಿ ಕೂರಲಿಲ್ಲ ಎಂದ ಹುಲಗೇಶ. "ಯಾರರ ಒಬ್ರು ಹೋಗಬೇಕಿತ್ತು. ಹೋರಿ ಬಾಲಾ ಕತ್ತರಸಾಕ ಬರ್ತೈತೇನಕ್ಕಾ?"

"ಇಲ್ಲ. ಬಾಲಾ ಉಳಸಬೇಕು, ಅವ್ವನ್ನ ಕತ್ತರಸಬೇಕು," ಎಂದಳು ನೀಲಾಂಬಿಕಾ.

ಕತ್ತರಿಸದೇ ಇರುವ ಹಳೆಯದು ಎಲ್ಲಿ ಎಂದು ಕೇಳಿದರೆ ಅದೂ ಇರಲಿಲ್ಲ. ಸೈಜ್ ಮಾಡುವಾಗ ಹುಲಗೇಶ ಅದರ ಮೇಲೇ ಸೇವ್ ಒತ್ತಿದ್ದ. ಹಳೆಯದನ್ನು ಅಳಿಸಿ ಹೊಸದು ಆ ಜಾಗದಲ್ಲಿ ಕೂತಿತ್ತು. ಸೇವ್ ಎಂದರೆ ಉಳಿಸುವುದು ಎಂದು ಶಾಲೆಯಲ್ಲಿ ಕಲಿತ ನೀಲಾಂಬಿಕಾಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಹೋರಿ ಹಿಂಡಿ ಬಿಟ್ಟು ಕಿವಿ ನಿಮಿರಿಸಿತು. ಗೋಡೆಯಾಚೆ ಮುದಕವ್ವ ಕೆಮ್ಮಿ, ತಾನು ಕೇಳಿಸಿಕೊಳ್ಳುತ್ತಿದ್ದೇನೆಂದು ತಿಳಿಸಿದಳು. ಹುಲಗೇಶ ಕೈ ತೊಳೆದುಕೊಂಡು, ಮುದಕವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಒಂದು ಮಾತು ಹೇಳಿದ.

"ಇದ್ದಾಗ ಅವ್ವನ್ನ ನನ್ನ ಮನಿಯಿಂದ ಎಳಕೊಂಡು ಹೋದಿ. ಈಗ ಫೋಟೋಕ್ಕ ಜಗಳಾ ತಗದಿ. ನಿನಗ ಅವ್ವ ಬೇಕಾಗಿರಲಿಲ್ಲಕ್ಕಾ, ಜಗಳಾ ಬೇಕಾಗಿತ್ತು."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಬೇಕಿತ್ತು. ಆದರೆ ನೀಲಾಂಬಿಕಾ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು. ಅವ್ವ ಯಾಕೆ ಬಂದಳೆಂದು ಆಕೆಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಟಿಕೆಟು ತೆಗೆದುಕೊಳ್ಳುವವರ ಸೀಟಿನಲ್ಲಿ ಕೂತು ಆಕೆ ಒಂದೇ ವಿಚಾರ ಮಾಡಿದಳು. ಆ ನಗುವ ಮುಖ ಆ ಗೋಡೆಯ ಮೇಲೆ ಏರಬೇಕು. ಭರಮವ್ವ ಮಗಳ ಬಾಯಿಗೆ ಹೆದರಿ ಬದುಕಿದವಳಲ್ಲ, ನಕ್ಕು ಬದುಕಿದವಳು ಎಂದು ಆ ಊರು ದಿನಾ ನೋಡಬೇಕು.

ಹೋರಿ ಹುರುಪು ಫೋರಂ ನಡೆಸುವವನು ಹಿರೇಕೆರೂರಿನ ಮೈಲಾರಿ ಎಂಬ ಝೆರಾಕ್ಸ್ ಅಂಗಡಿಯವನು. ನೀಲಾಂಬಿಕಾಳಿಗೆ ಹಿರೇಕೆರೂರಿನ ರೂಟು ಬಿದ್ದ ದಿನ, ಡ್ರೈವರು ಚಹಾಕ್ಕೆ ಇಳಿದ ಹೊತ್ತು ನೋಡಿ, ಟಿಕೆಟ್ ಮಷೀನು ಕೊರಳಲ್ಲಿ ಇರುವಂತೆಯೇ ಅವನ ಅಂಗಡಿಗೆ ಹೋದಳು. ಖಾಕಿ ಬಟ್ಟೆಯ ಹೆಣ್ಣುಮಗಳು ಹೋರಿಯ ಫೋರಂ ಕೇಳಿಕೊಂಡು ಬಂದದ್ದಕ್ಕೆ ಮೈಲಾರಿ ಹಿಗ್ಗಿಹೋದ. ಸ್ಟೂಲು ಒರೆಸಿ ಕುಂತ್ರಿ ಅಂದ. ದಾವಣಗೆರೆ, ಶಿವಮೊಗ್ಗದ ಕಡೆಯವರೂ ಸೇರಿದ್ದಾರೆ, ಮೊದಮೊದಲು ಒಬ್ಬೊಬ್ಬರು ಗೋಡೆಯಷ್ಟು ದೊಡ್ಡ ಫೋಟೋ ತಂದು ಸುರಿಯುತ್ತಿದ್ದರು, ತಾನು ಕಟ್ಟಳೆ ಮಾಡಿದ ಮೇಲೆ ಎಲ್ಲ ಹದಕ್ಕೆ ಬಂತು ಎಂದು ಹೇಳುತ್ತ ಹೋದ. ಕೇಳುವವರಿದ್ದರೆ ಅವನು ಸಂಜೆಯವರೆಗೂ ಹೇಳುತ್ತಿದ್ದನೇನೋ. ನೀಲಾಂಬಿಕಾ ಫೋನು ತೆಗೆದು ಆ ಕೈ ತೋರಿಸಿದಳು. ಈ ಕೈಯ ಹೆಂಗಸು ಎಲ್ಲಿ ಎಂದು ಕೇಳಿದಳು.

ಮೈಲಾರಿ ಫೋಟೋ ನೋಡಿ ಬೇಸರದಿಂದ ತಲೆಯಾಡಿಸಿದ. "ಆ ಕೈನೂ ತಗದು ಹಾಕು ಅಂದಿದ್ದೆ ನಾನು, ಅಂವ ಕೇಳಲಿಲ್ಲ. ಹೋರಿ ಬಾಜೂಕ ಹೆಣ್ಮಕ್ಕಳು ನಿಂತ್ರ ಹೋರಿ ಖದರ್ ಇಳೀತೈತ್ರಿ ಅಕ್ಕಾರ."

ಮುಂದೆ ಏನಾಯಿತೆಂದು ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಎದುರು ಇದ್ದವರನ್ನು ಕೇಳಬೇಕು. ಝೆರಾಕ್ಸ್ ಮಾಡಿಸಲು ಬಂದವರು ತಮ್ಮ ಕಾಗದ ಮರೆತರು. ಹಣ್ಣಿನ ಗಾಡಿಯವನು ತಕ್ಕಡಿ ಕೆಳಗಿಟ್ಟ. ಖದರ್ ಎಂದರೇನು, ಅದು ಹೋರಿಗೆ ಎಲ್ಲಿಂದ ಬರುತ್ತದೆ, ಸಗಣಿ ಬಳಿಯುವವರು ಯಾರು, ಅರ್ಧ ರಾತ್ರಿ ಎದ್ದು ಹುಲ್ಲು ಹಾಕುವವರು ಯಾರು, ಹಬ್ಬದ ದಿನ ಮಾತ್ರ ಗಾಗಲ್ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುವವರು ಯಾರು ಎಂದು ನೀಲಾಂಬಿಕಾ ಒಂದೊಂದನ್ನೇ ಬಿಡಿಸಿ ಹೇಳಿದಳು. ಮೈಲಾರಿಯ ತಾಯಿ, ಹೆಂಡತಿ, ಅಕ್ಕತಂಗಿಯರು ಯಾವ ಯಾವ ಫೋಟೋದಲ್ಲಿ ಎಷ್ಟೆಷ್ಟು ಉಳಿದಿದ್ದಾರೆ ಎಂದೂ ವಿಚಾರಿಸಿದಳು. ಕೊನೆಗೆ ದನಿ ಇಳಿಸಿ ಹೇಳಿದ ಮಾತು ಮಾತ್ರ ಅವನಿಗೆ ತಾಗಿತು.

"ಹಾಲಾಗ ಅದ್ದಿ ಅದಕ್ಕ ಚೀಪಿಸಿದ ಬೆರಳ್ರಿ ಅವು. ಅವು ಇಲ್ಲದಿದ್ರ ನಿಮ್ಮ ಸರದಾರ ಎಂದೋ ಹದ್ದಿನ ಪಾಲಾಗಿರ್ತಿದ್ದ. ಆ ಬೆರಳು ತಗದು ಹಾಕು ಅಂದ್ರೇನು ನೀವು?"

ಮೈಲಾರಿ ಮೆತ್ತಗಾದ. ತನ್ನ ಹತ್ತಿರ ಬಂದದ್ದೂ ಸೈಜ್ ಮಾಡಿದ್ದೇ, ಪೂರ್ತಿ ಫೋಟೋ ತಾನು ಕಂಡೇ ಇಲ್ಲ ಎಂದು ಆಣೆಯಿಟ್ಟು ಹೇಳಿದ. ಆಮೇಲೆ ಕಂಪ್ಯೂಟರಿನಲ್ಲಿ ಫೋಟೋದ ಬಲಗಡೆ ಮೂಲೆಯನ್ನು ಹಿಗ್ಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ತೆಗೆದವನ ಹೆಸರಿರುವುದನ್ನು ತಾನೇ ಓದಿ ಹೇಳಿದ. ಸವಣೂರಿನ ಇನಾಯತ. ಹೊರಗೆ ಡ್ರೈವರು ಹಾರ್ನು ಹೊಡೆಯುತ್ತಿದ್ದ. ಬಸ್ಸು ಹತ್ತಿದವಳ ಮುಖ ಕಂಡು ಅವನು ತಡವಾದದ್ದಕ್ಕೆ ಏನೂ ಕೇಳಲಿಲ್ಲ.

ವಾರದ ರಜೆಯ ದಿನ ಸವಣೂರಿಗೆ ಹೋದಳು. ಇನಾಯತನ ಸ್ಟುಡಿಯೋ ದೊಡ್ಡ ಹುಣಸೆಮರದ ಕಡೆ ಹೋಗುವ ರಸ್ತೆಯಲ್ಲಿತ್ತು. ನಡುವಯಸ್ಸಿನವನು, ಮದುವೆ ಇದ್ದಾಗ ಮದುವೆ, ಹೋರಿ ಇದ್ದಾಗ ಹೋರಿ. ಭರಮವ್ವನ ಮಗಳು ಎಂದು ಹೇಳಿದ ಮೇಲೆ 'ಬರ್ರಿ' ಎಂದು ಎದ್ದು ನಿಂತ. ಪೂರ್ತಿ ಫೋಟೋ ಇರಬೇಕಲ್ಲ ಎಂದು ಆಕೆ ಕೇಳುವಾಗ ದನಿ ತನಗೆ ತಾನೇ ಜಗಳದ ಮಟ್ಟಕ್ಕೆ ಏರಿತ್ತು. ಇವನೂ ಸೈಜ್ ಮಾಡಿದ್ದರೆ ಎತ್ತಿ ಒಗೆಯುವುದಕ್ಕೆ ಯಾವ ಸಾಮಾನು ಹತ್ತಿರ ಇದೆ ಎಂದು ಕಣ್ಣು ಆಗಲೇ ಹುಡುಕಿತ್ತು. ಇನಾಯತ ಶಾಂತವಾಗಿ ಇದೆ ಎಂದ. ದೊಡ್ಡದನ್ನು ಇಟ್ಟುಕೊಂಡರೆ ಸಣ್ಣದು ಯಾವಾಗ ಬೇಕಾದರೂ ಮಾಡಬಹುದು, ದೊಡ್ಡದನ್ನು ಕಳೆದುಕೊಂಡು ಸಣ್ಣದರಿಂದ ದೊಡ್ಡದು ಮಾಡಲು ಬರುವುದಿಲ್ಲ, ಅದಕ್ಕೇ ತಾನು ಯಾವುದನ್ನೂ ಅಳಿಸುವುದಿಲ್ಲ ಎಂದು ಹೇಳುತ್ತ ಹುಡುಕಿದ.

ಫೋಟೋ ತೆರೆಯಿತು. ಅವ್ವ ಇದ್ದಳು. ಹೋರಿಯ ಮುಂದೆ, ಮೂಗುದಾರ ಹಿಡಿದು, ಹಲ್ಲು ಬಿಟ್ಟು ನಗುತ್ತ. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದು ಸುಳ್ಳಲ್ಲ. ನೀಲಾಂಬಿಕಾ ಇಷ್ಟು ದಿನ ಹೊತ್ತು ತಿರುಗಿದ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು. ಇನಾಯತ ನೀರಿನ ಲೋಟ ಮುಂದಿಟ್ಟು ಬೇರೆ ಕಡೆ ನೋಡಿದ. ಹೋರಿ ಬೇಡ, ಅವ್ವನ ಮುಖ ಒಂದೇ ಬೇಕು ಎಂದಳು. ಮುಖ ಎಷ್ಟು ಚೊಕ್ಕವಾಗಿ ಬಂದಿದೆ ನೋಡೋಣ ಎಂದು ಅವನು ಹಿಗ್ಗಿಸಿದ.

ಮುಖ ಪರದೆಯ ತುಂಬ ಬಂತು, ನಗು ಹೋಯಿತು.

ಮೊದಲು ನೀಲಾಂಬಿಕಾಳಿಗೆ ಬೇರೆ ಯಾರದೋ ಫೋಟೋ ತೆರೆದಂತೆ ಅನ್ನಿಸಿತು. ತಲೆಯ ಮೇಲಿನ ಸೆರಗು ಜಾರಿ ಬಿದ್ದಿತ್ತು. ಹುಬ್ಬು ಗಂಟಿಕ್ಕಿತ್ತು, ಕೊರಳಿನ ನರ ಉಬ್ಬಿತ್ತು. ಹಲ್ಲು ಕಾಣುತ್ತಿದ್ದದ್ದು ನಗುವುದಕ್ಕಲ್ಲ. ಅವ್ವ ಒದರುತ್ತಿದ್ದಳು. ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ, ಹೋರಿಯ ಕಡೆಯೂ ಇರಲಿಲ್ಲ. ಹುಲಗೇಶನನ್ನು ಸುಡುವ ಹಾಗೆ ನೋಡುತ್ತಿದ್ದವು. ಆ ಮುಖವನ್ನು ನೀಲಾಂಬಿಕಾ ಚೆನ್ನಾಗಿ ಬಲ್ಲಳು. ಬಸ್ಸಿನ ಡ್ರೈವರನ ಮುಂದಿನ ಕನ್ನಡಿಯಲ್ಲಿ ದಿನಾ ನೋಡುವ ಮುಖವೇ ಅದು, ವಯಸ್ಸು ಮಾತ್ರ ಬೇರೆ.

ಇನಾಯತ ಫೋಟೋವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಹುಲಗೇಶನ ಕೈ ಬಂತು. ಒಂದು ಕೈಯಲ್ಲಿ ಇದ್ದದ್ದು ಕೋಲಲ್ಲ, ಗೊಟ್ಟ. ರೋಗ ಬಂದ ದನದ ಬಾಯಿಗೆ ಔಷಧ ಸುರಿಯುವ ಬಿದಿರಿನ ಕೊಳವೆ. ಇನ್ನೊಂದು ಕೈಯಲ್ಲಿ ಬಾಟಲಿ. ಫೋರಮ್ಮಿನ ಫೋಟೋದಲ್ಲಿ ಸರಿಯಾಗಿ ಆ ಕೈಗಳ ಮೇಲೆಯೇ ಬೆಂಕಿಯ ಅಕ್ಷರ ಕೂತಿದ್ದವು.

ಆಮೇಲೆ ಇನಾಯತ ತಾನು ಅಲ್ಲಿಯೇ ನಿಂತಿದ್ದೆ ಎಂದ. ಹುರುಪು ಏರಲಿ ಎಂದು ಹೋರಿಗೆ ಸಾರಾಯಿ ಕುಡಿಸುತ್ತಿದ್ದರು. ಭರಮವ್ವ ಎಲ್ಲಿದ್ದಳೋ, ಜನರ ನಡುವೆ ನುಗ್ಗಿಕೊಂಡು ಬಂದು ಮೂಗುದಾರ ಹಿಡಿದು ಹೋರಿಯ ಬಾಯಿ ತನ್ನ ಕಡೆ ಎಳೆದುಕೊಂಡಳು. ಅವಳು ಒದರಿದ್ದು ಇನಾಯತನಿಗೆ ಇನ್ನೂ ನೆನಪಿತ್ತು.

"'ನನ್ನ ಬೆರಳು ಚೀಪಿ ಬೆಳದದ್ದರ ಬಾಯಾಗ ಸೆರೆ ಹಾಕ್ತಿಯೇನಲೇ? ಇನ್ನ ನಿನ್ನ ಮನಿ ನೀರು ಮುಟ್ಟಿದ್ರ ನಾ ಭರಮವ್ವ ಅಲ್ಲ' ಅಂದ್ರು ಅಕ್ಕಾರ. ನಿಮ್ಮ ತಮ್ಮಾರು ದೂಡಿದ್ರು, ಆಕಿ ಬಿದ್ದು ನೆಲಕ್ಕ ಕುಂತಬಿಟ್ರು. ಹೋರಿ ಬಿಟ್ರು. ಗೆದ್ದಿತಲ್ರಿ, ಮತ್ತ ಎಲ್ಲಾರೂ ಸೀಟಿ ಹೊಡಿಯಾಕತ್ತಿದ್ರು."

ಹಂಗ ಬಂದೇನಿ. ಗಂಟು ಹಿಡಿದು ಬಾಗಿಲಲ್ಲಿ ನಿಂತವಳು ಅಷ್ಟೇ ಹೇಳಿದ್ದಳು. ಬಂದ ದಿನ ಸೊಂಟ ಹಿಡಿದುಕೊಂಡು ಕೂತಿದ್ದಕ್ಕೆ ಬಸ್ಸಿನ ಕುಲುಕಾಟ ಎಂದಿದ್ದಳು. ನೀಲಾಂಬಿಕಾಳಿಗೆ ತಮ್ಮನ ಮೇಲೆ ಬಂದ ಸಿಟ್ಟಿಗೆ ಹೆಸರಿರಲಿಲ್ಲ. ಅವ್ವನ ಮೇಲೂ ಬಂತು. ನಗು, ಅಳು ಮುಚ್ಚಿದ ಸೆರಗಿನಿಂದಲೇ ಮಗನ ಮಾನವನ್ನೂ ಮುಚ್ಚಿ ಹೋದಳಲ್ಲ. ಮಗಳ ತಲೆಯ ಮೇಲೆ ಊರು ಅಪವಾದ ಹೇರುವಾಗಲೂ ಬಾಯಿ ಬಿಡಲಿಲ್ಲವಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂದು ಅವ್ವನಿಗೆ ಗೊತ್ತಿತ್ತು. ಅಂದೇ ರಾತ್ರಿ ನೀಲಾಂಬಿಕಾ ಹೋಗಿ ಆ ಮನೆಯ ಹಂಚು ಹಾರಿಸುತ್ತಿದ್ದಳು. ಅದಕ್ಕೇ ಹೇಳಲಿಲ್ಲ. ತಾಳ್ಮೆಯಂತೆ, ಭೂಮಿತೂಕದ ತಾಳ್ಮೆಯಂತೆ. ಅದು ತಾಳ್ಮೆಯಲ್ಲ, ನುಂಗಿದ ಸಿಟ್ಟು. ಜೀವಮಾನದಲ್ಲಿ ಒಂದು ಸಲ ಹೊರಗೆ ಬಂದದ್ದನ್ನೂ ಸಣ್ಣದು ಮಾಡಿ, ನಗು ಮಾಡಿ, ಆಮೇಲೆ ಕತ್ತರಿಸಿಯೂ ಹಾಕಿದ್ದರು.

ಇನಾಯತ ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದ. ಪೋಸ್ಟ್ ಕಾರ್ಡಿನಷ್ಟು ಸಣ್ಣದಾಗಿ ತೆಗೆದರೆ ಮೊದಲು ಕಂಡ ಹಾಗೆ ನಗುತ್ತಿರುವಂತೆಯೇ ಕಾಣುತ್ತಾರೆ, ಹೋರಿಯ ಜೊತೆ ಇಟ್ಟರೆ ಚಂದವೂ ಆಗುತ್ತದೆ. ದೊಡ್ಡದೇ ಬೇಕೆಂದರೆ ಕಂಪ್ಯೂಟರಿನಲ್ಲಿ ತುಟಿ, ಹುಬ್ಬು ಸ್ವಲ್ಪ ಸಡಿಲು ಮಾಡಿ ನಗು ಕೂರಿಸಿಕೊಡುತ್ತಾನೆ. ವರ್ಷದ ಪೂಜೆಗೆ ಇಂಥ ಮುಖ ಯಾರೂ ಇಡುವುದಿಲ್ಲ ಎಂದು ಸಂಕೋಚದಿಂದ ಹೇಳಿದ. ಹೇಳುತ್ತ ಫೋಟೋವನ್ನು ಮತ್ತೆ ಸಣ್ಣದು ಮಾಡಿ ತೋರಿಸಿದ. ಅವ್ವ ಮತ್ತೆ ನಕ್ಕಳು.

ನೀಲಾಂಬಿಕಾ ಬಹಳ ಹೊತ್ತು ಆ ನಗುವನ್ನು ನೋಡಿದಳು. ಇದನ್ನೇ ಹುಡುಕಿಕೊಂಡು ಅವಳು ಬಂದದ್ದು. ಇದನ್ನು ಒಯ್ದರೆ ಎಲ್ಲರಿಗೂ ಸುಖ. ಹುಲಗೇಶನಿಗೆ ಸುಖ, ಊರಿಗೆ ಸುಖ, ಮೈಲಾರಿಯ ಫೋರಮ್ಮಿಗೂ ಸೈಜು ಸರಿಹೋಗುತ್ತದೆ.

"ಮುಖಾ ಒಂದ ಬ್ಯಾಡ," ಎಂದಳು. "ಪೂರ್ತಿ ಫೋಟೋನ ತಗೀರಿ, ಹಿಡಿದ ಕೈ, ಗೊಟ್ಟಾ, ಎಲ್ಲಾ ಬರ್ಲಿ. ನಿಮ್ಮ ಮಷೀನಿಗೆ ಎಷ್ಟು ದೊಡ್ಡದು ಆಕ್ಕೈತಿ ಅಷ್ಟು ದೊಡ್ಡದು ಮಾಡ್ರಿ."

ವರ್ಷದ ದಿನ ಗಂಡಹೆಂಡಿರು ಫೋಟೋವನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಆ ಕಡೆ ಈ ಕಡೆ ಹಿಡಿದುಕೊಂಡು ಬಸ್ಸಿನಲ್ಲಿ ತಂದರು. ಒಳಗೇನಿದೆ ಎಂದು ಫಕ್ಕೀರೇಶನಿಗೆ ಗೊತ್ತಿತ್ತು. ಅವತ್ತು ಅವನು ಸಂತೆಯ ಮಾತೆತ್ತಲಿಲ್ಲ. ತವರುಮನೆಯ ಪಡಸಾಲೆಯಲ್ಲಿ ಊರಿನ ಹಿರಿಯರು, ಬೀಗರು, ಹೋರಿಯ ಅಭಿಮಾನಿ ಬಳಗದ ಹುಡುಗರು ಆಗಲೇ ಸೇರಿದ್ದರು. ಹುಲಗೇಶ ಗೋಡೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ತೂಗುಹಾಕಿದ್ದ. ಸಣ್ಣದನ್ನು ಎಳೆದು ಹಿಗ್ಗಿಸಿದ್ದಕ್ಕೆ ಮೂಗು, ಬಾಯಿ ಎಲ್ಲ ಚೌಕ ಚೌಕ ಚೂರುಗಳಾಗಿ ಒಡೆದುಹೋಗಿತ್ತು. ನೀಲಾಂಬಿಕಾ ಸ್ಟೂಲು ಎಳೆದುಕೊಂಡು ಹತ್ತಿ ಅದನ್ನು ಇಳಿಸಿದಳು. ಫಕ್ಕೀರೇಶ ಕೆಳಗಿನಿಂದ ಎತ್ತಿ ಕೊಟ್ಟ. ಫೋಟೋ ಮೊಳೆಗೆ ಕೂತ ಮೇಲೆ ಹೊದಿಕೆ ಎಳೆದಳು.

ಗೋಡೆಯ ಅರ್ಧದಷ್ಟು ಅಗಲಕ್ಕೆ ಭರಮವ್ವ ನಿಂತಿದ್ದಳು, ತಲೆಯ ಸೆರಗು ಜಾರಿ, ಹುಬ್ಬು ಗಂಟಿಕ್ಕಿ. ಆ ಊರಿನಲ್ಲಿ ಆಕೆಯನ್ನು ಅಷ್ಟು ದೊಡ್ಡದಾಗಿ ಯಾರೂ ಕಂಡಿರಲಿಲ್ಲ. ಬಳಗದ ಹುಡುಗನೊಬ್ಬ ತನ್ನ ಫೋನು ಎತ್ತಿದವನು ಹಾಗೇ ಇಳಿಸಿದ.

ಮುದಕವ್ವನಿಗೆ ದೂರದ ನೋಟ ಮಂಜು. ಎದ್ದು ಕೋಲೂರಿಕೊಂಡು ಹತ್ತಿರ ಬಂದಳು. ಮುಖದಿಂದ ಶುರು ಮಾಡಿ, ಹಚ್ಚೆಯ ಕೈ, ಮೂಗುದಾರ, ಹೋರಿಯ ಬಾಯಿ ಎಂದು ಒಂದೊಂದೇ ನೋಡುತ್ತ ಹೋಗಿ ಒಂದು ಕಡೆ ನಿಂತಳು.

"ಅದು ಗೊಟ್ಟಾ ಅಲ್ಲೇನೋ ಹುಲಗ್ಯಾ? ಹಬ್ಬದ ದಿನ ಹೋರಿಗೆ ಏನು ರೋಗ ಬಂದಿತ್ತು?"

ಗೊಟ್ಟದ ಪಕ್ಕದಲ್ಲಿ ಬಾಟಲಿ ಇತ್ತು, ಅದಕ್ಕೆ ಉತ್ತರ ಬೇಕಾಗಿರಲಿಲ್ಲ. ಇದು ಯಾವ ದಿನದ ಫೋಟೋ ಎಂದು ಒಬ್ಬ ಹಿರಿಯ ಮೆಲ್ಲಗೆ ಕೇಳಿದ. ಅವ್ವ ಗಂಟು ಕಟ್ಟಿಕೊಂಡು ತನ್ನ ಬಾಗಿಲಿಗೆ ಬಂದದ್ದರ ಹಿಂದಿನ ದಿನದ್ದು ಎಂದು ನೀಲಾಂಬಿಕಾ ಹೇಳಿದಳು. ಅಷ್ಟೇ ಹೇಳಿದಳು. ದನಿ ಏರಿಸಲಿಲ್ಲ, ಏರಿಸುವ ಅಗತ್ಯ ಜೀವಮಾನದಲ್ಲಿ ಮೊದಲ ಸಲ ಬೀಳಲಿಲ್ಲ. ಮುದಕವ್ವ ಆಕೆಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, ತನ್ನ ಜಾಗಕ್ಕೆ ಹೋಗದೆ ನೀಲಾಂಬಿಕಾಳ ಮಗ್ಗುಲಲ್ಲೇ ನಿಂತಳು.

ಹುಲಗೇಶನ ಮುಖ ಕಪ್ಪಿಟ್ಟಿತ್ತು. ಅವನು ಅಕ್ಕನ ಹತ್ತಿರ ಬಂದು, ಉಳಿದವರಿಗೆ ಕೇಳದ ಹಾಗೆ, ಗೋಗರೆಯುವ ದನಿಯಲ್ಲಿ ಹೇಳಿದ. "ಪೂಜಿ ಮುಗೀಲಿ ಅಕ್ಕಾ, ಆಮ್ಯಾಲೆ ಇದನ್ನ ಸ್ವಲ್ಪ ಸೈಜ್ ಮಾಡಿಸಿ ಹಾಕೂಣು."

"ಆಕಿನ್ನ ಸೈಜ್ ಮಾಡಿದ್ದು ಸಾಕು," ಎಂದಳು ನೀಲಾಂಬಿಕಾ, ಎಲ್ಲರಿಗೂ ಕೇಳುವ ಹಾಗೆ. "ಇದು ಇಲ್ಲೇ ಇರತೈತಿ. ಇದನ್ನ ಇಳಿಸಿದ ದಿನ ನಾ ಮತ್ತ ಬರ್ತೇನಿ, ಇದಕ್ಕಿಂತ ದೊಡ್ಡದು ಮಾಡಿಸಿಕೊಂಡು."

ಪೂಜೆಗೆ ಹೊತ್ತಾಯಿತೆಂದು ಯಾರೋ ನೆನಪು ಮಾಡಿದರು. ಮಾಲೆ ಹಾಕಿದರು, ಎಡೆ ಇಟ್ಟರು. ಮೊದಲ ಆರತಿ ಮಗನದು. ಹುಲಗೇಶ ತಟ್ಟೆ ಹಿಡಿದು ಫೋಟೋದ ಎದುರು ನಿಂತ. ಕರ್ಪೂರ ಹತ್ತಿಕೊಂಡಿತು. ಅವನು ನೆಲ ನೋಡುತ್ತ ತಟ್ಟೆಯನ್ನು ಅತ್ತಿತ್ತ ಆಡಿಸಿದ. ಉರಿ ಅವ್ವನ ಕಾಲಿನ ಮಟ್ಟಕ್ಕಿಂತ ಮೇಲೆ ಏರಲಿಲ್ಲ. ಎಲ್ಲರೂ ಕಾದರು. ಕರ್ಪೂರ ಉರಿದು ಮುಗಿದು ಹೊಗೆಯಾಯಿತು, ಅವನು ತಲೆ ಎತ್ತಲೇ ಇಲ್ಲ.

ನೀಲಾಂಬಿಕಾ ಮುಂದೆ ಬಂದು ತಟ್ಟೆಯಲ್ಲಿ ಇನ್ನೊಂದು ಕರ್ಪೂರದ ಬಿಲ್ಲೆ ಇಟ್ಟು, ಕಡ್ಡಿ ಗೀರಿ ಹಚ್ಚಿದಳು.

"ತಲಿ ಎತ್ತಿ ಬೆಳಗು ಹುಲಗ್ಯಾ," ಎಂದಳು. "ಅವ್ವ ನಿನ್ನನ್ನ ನೋಡಾಕತ್ತಾಳ."